ಕೆರೆ ಏರಿಯ ಮೇಲೆ ತಿರುಗದ ಸ್ಟೇರಿಂಗ್

ನೀವು ನಂಬುವುದಿಲ್ಲ, ಬಿಡಿ. ಕ್ಯಾಲನೂರಿನ ಹತ್ತಿರ ಕೆರೆ ಏರಿಯ ಮೇಲೆ ಅಪ್ಪ ಓಡಿಸುತ್ತಿದ್ದ ನಮ್ಮ ಪುಟ್ಟ ಕಾರಿನ ಸ್ಟೇರಿಂಗ್ ಇದ್ದಕ್ಕಿದ್ದಂತೆ ರುಬ್ಬುಗುಂಡಿನಷ್ಟು ಭಾರವಾಯಿತು. ರಸ್ತೆ ಬಲಕ್ಕೆ ತಿರುಗಿತು, ಕಾರು ನೇರ ನೀರಿನ ಕಡೆ ಹೊರಟಿತು. ನನಗೆ ಈಜು ಬಾರದು. ಅಪ್ಪನಿಗಂತೂ ಮೊದಲೇ ಬಾರದು.

“ಲೇ, ನೀನೂ ಹಿಡಿದು ಎಳಿಯೋ, ತಿರುಗ್ತಾ ಇಲ್ಲ ಕಣೋ,” ಎಂದರು ಅಪ್ಪ. ಮೊಂಡು ಎತ್ತಿನ ಮೂಗುದಾರ ಎಳೆಯುವವರಂತೆ ಇಬ್ಬರೂ ಎಳೆದೆವು. ಅಪ್ಪ ಬ್ರೇಕಿನ ಮೇಲೆ ಎದ್ದು ನಿಂತೇಬಿಟ್ಟರು. ಕಾರು ಏರಿಯ ಅಂಚಿಗೆ ಬಂದು ನಿಂತಿತು. ಕೆಳಗೆ ನೀರಿನಲ್ಲಿದ್ದ ಎಮ್ಮೆಗಳು ಆಗಲೇ ನಮಗೆ ಜಾಗ ಬಿಟ್ಟು ಸರಿದಿದ್ದವು.

ಅಪ್ಪ ಬೆವರು ಒರೆಸಿಕೊಂಡರು. “ಮೊನ್ನೆ ಶೋರೂಮಿಂದ ಫೋನ್ ಬಂದಿತ್ತು ಕಣೋ. ಸ್ಟೇರಿಂಗಲ್ಲಿ ಏನೋ ದೋಷ ಐತೆ, ಗಾಡಿ ತನ್ನಿ, ಪುಕ್ಕಟೆ ಸರಿ ಮಾಡ್ತೀವಿ ಅಂದ್ರು. ಪುಕ್ಕಟೆ ಅಂದ್ಮೇಲೆ ಮೋಸಾನೇ ಅಂತ ನಂಬರ್ ಬ್ಲಾಕ್ ಮಾಡ್ಬಿಟ್ಟೆ.”

ಸಂಜೆ ಮನೆಯಲ್ಲಿ ಗೆಳೆಯರನ್ನು ಕೂರಿಸಿಕೊಂಡು, ಕಾರನ್ನು ಒಂದೇ ಕೈಯಲ್ಲಿ ತಿರುಗಿಸಿ ಅಪ್ಪನನ್ನು ಉಳಿಸಿದವನು ನಾನೇ ಎನ್ನುವಷ್ಟರಲ್ಲಿ ಅಮ್ಮ ಒಳಗೆ ಬಂದಳು. “ಮತ್ತೆ ಆ ಕೈ ಇನ್ನೂ ಯಾಕ್ಲಾ ನಡುಗ್ತಾ ಐತೆ?” ಎಂದಳು. ನೋಡಿಕೊಂಡೆ. ನಿಜವಾಗಿಯೂ ನಡುಗುತ್ತಿತ್ತು. ಮೆಲ್ಲಗೆ ಅದನ್ನು ಜೇಬಿಗೆ ತೂರಿಸಿದೆ.