ಪೈಪಿನೊಳಗಿನ ಕೌದಿ

ಆಳಂದದಲ್ಲಿ ಮಳೆನೀರು ಒಂದು ಹೊಂಡಕ್ಕೆ ಇಳಿದು, ಅಲ್ಲಿಂದ ಪೈಪಿನಲ್ಲಿ ಹಳ್ಳಕ್ಕೆ ಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಹೊಂಡದ ಹೂಳು ತೆಗೆಸುವುದು ಪುರಸಭೆಯಲ್ಲಿ ನನ್ನ ಕೆಲಸ. ಒಂದು ವರ್ಷ ಮುಂಗಾರಿಗೆ ಮೊದಲು ಹೋಗಿ ನೋಡಿದರೆ ಪೈಪು ಪೂರ್ತಿ ಕಟ್ಟಿಕೊಂಡಿತ್ತು. ಹಾಗೇ ಬಿಟ್ಟರೆ ಕೆಳಗಿನ ಓಣಿಯ ಮನೆಗಳಿಗೆ ನೀರು ನುಗ್ಗುವುದು ಖಾತ್ರಿ.

ಕೆಲಸಗಾರ ಶರಣಪ್ಪ ಸಲಿಕೆಯಿಂದ ಕೆದರಿದ. ಹಳೆಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ತುದಿ ಕಂಡದ್ದೇ ಸಲಿಕೆ ಕೆಳಗಿಟ್ಟ.

“ಸತ್ತೋರ ಹಾಸಿಗಿ ಅದ ರೀ ಸಾಹೇಬ್ರ. ನಾ ಮುಟ್ಟಂಗಿಲ್ರಿ.”

ಯಾರಾದರೂ ತೀರಿಕೊಂಡರೆ ಅವರ ಹಾಸಿಗೆಯನ್ನು ಆ ಹೊಂಡಕ್ಕೆ ಎಸೆಯುವುದು ಅದೇ ಓಣಿಯವರ ರೂಢಿ. ಕೈ ಹಾಕಲು ನನಗೂ ಮನಸ್ಸಾಗಲಿಲ್ಲ.

ಕೊಡ ಹೊತ್ತು ಹೋಗುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಬಗ್ಗಿ ನೋಡಿದಳು.

“ನಮ್ಮ ಅತ್ತಿದು ರೀ,” ಎಂದಳು. ಕೊಡ ಇಳಿಸಿ, ಸೆರಗು ಸಿಕ್ಕಿಸಿ, ಹೊಂಡಕ್ಕಿಳಿದು ಕೌದಿಯನ್ನು ಎಳೆದೆಳೆದು ಹೊರಗೆ ಹಾಕಿದಳು. ಕೆಸರು ಒರೆಸಿದಾಗ ಹಸಿರು ಬಟ್ಟೆಯ ತುಂಡೊಂದು ಕಂಡಿತು.

“ಇದು ನನ್ನ ಮದುವಿ ಸೀರಿದು. ಅತ್ತಿನೇ ಹೊಲ್ದಿದ್ಲು.”

ಅದರ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆ ಹೊತ್ತಿನಲ್ಲೂ ನನಗೆ ನನ್ನ ಕೆಲಸದ ಮಾತೇ ಬಂತು. “ಇನ್ ಮ್ಯಾಲ ಇಲ್ಲಿ ಹಾಸಿಗಿ ಒಗಿಬ್ಯಾಡ್ರಿ ತಾಯಿ.”

“ನಮ್ಮ ಮನ್ಯಾಗ ಮುಂದಿನ ಹಾಸಿಗಿ ನಂದೇ ಇರ್ತದ ರೀ,” ಎಂದಳು. “ನನ್ನ ಸೊಸಿಗಿ ಹೇಳ್ರಿ.”

ಸೊಸೆಗೆ ಹೇಳುವುದು ನನ್ನಿಂದಾಗಲಿಲ್ಲ. ಮಳೆ ಬರುವ ಮೊದಲು ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. ನಮ್ಮಂಥ ನೌಕರರಿಗೆ ಅದೇ ಸುಲಭ.