ಚಾಚಾರ ಕಿವಿಗೆ ಸಂದ ಸಲಾಮು

ಮೊನ್ನೆ ಹಾನಗಲ್ಲಿನಿಂದ ಬರುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಗಟ್ಟಿಮುಟ್ಟಾದ ತರುಣನೊಬ್ಬ ಬಂದು ಕುಳಿತ. ಅವನ ಎರಡೂ ಕಿವಿಗಳು ಒಣ ಅಂಜೂರದಂತೆ ಮುದುಡಿದ್ದವು. ನೀವೂ ಇಂಥ ಕಿವಿ ನೋಡಿರಬಹುದು. ಕುಸ್ತಿಯಲ್ಲಿ ತಲೆಗೆ ತಲೆ ಉಜ್ಜಿ ಉಜ್ಜಿ ಹೀಗಾಗುತ್ತದೆ. ನನಗೆ ಮಾತ್ರ ತುರ್ಕಿಯ ಒಂದು ಹುಲ್ಲು ಬಯಲು ನೆನಪಾಯಿತು.

ಖಾದರ್ ಚಾಚಾ ನನ್ನ ತಂದೆಯ ತಮ್ಮ. ಸವಣೂರಿನಲ್ಲಿ ನಮ್ಮದು ವೀಳ್ಯದೆಲೆಯ ವ್ಯಾಪಾರ. ಆ ಮನೆತನದಲ್ಲಿ ಮೈ ಬೆಳೆಸಿದವರು ಅವರೊಬ್ಬರೇ. ನಾನೂ ಬೆಳೆಸಿದ್ದೇನೆ, ಆದರೆ ಎಲ್ಲವೂ ಸೊಂಟದ ಸುತ್ತಲೇ. ಮನೆಯಲ್ಲಿ ನಾವು ಆಡುವುದು ಉರ್ದು. ಕುಸ್ತಿಯ ಮಾತು ಬಂದರೆ ಚಾಚಾರ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು, ಏಕೆಂದರೆ ಅವರಿಗೆ ಪಟ್ಟು ಕಲಿಸಿದ ಉಸ್ತಾದರು ಹಿರೇಕೆರೂರಿನ ಕಡೆಯ ಗೌಡರು. ಬಂಕಾಪುರದ ಕಣದಲ್ಲಿ ಮೊಣಕಾಲು ಮುರಿದ ಮೇಲೆ ಆ ಮಾತೂ ನಿಂತಿತು. ಕುಸ್ತಿ ನೋಡಲು ಕರೆಯಲು ಬಂದವರಿಗೆ ಚಹಾ ಕುಡಿಸಿ ಕಳಿಸಿಬಿಡುತ್ತಿದ್ದರು. ಒಮ್ಮೆ ನಾನೇ ಒತ್ತಾಯ ಮಾಡಿದೆ.

"ಕಣಕ್ಕ ಇಳ್ಯಾಕ ಆಗದಾಂವ ದಂಡೀಮ್ಯಾಲೆ ಕುಂತು ಏನ್ ಮಾಡ್ಲಿ?" ಎಂದರು.

ಕೆಲವು ವರ್ಷಗಳ ಹಿಂದೆ ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ, ಚಾಚಾ ಮತ್ತು ನಾನಿದ್ದ ತಂಡ ಇಸ್ತಾಂಬುಲ್ ಹಾದು ಬಂತು. ಮಸೀದಿ ನೋಡಿ, ಮಿಠಾಯಿ ಕೊಂಡು ಊರಿಗೆ ಮರಳುವುದು ಎಲ್ಲರ ಇರಾದೆ. ನಾನೋ, ಪರದೇಶಕ್ಕೆ ಹೋದರೆ ಅಲ್ಲಿಯ ಆಟ ನೋಡದೆ ಬರಬಾರದೆಂದು ನಂಬಿದವನು. ದುಬೈಯಲ್ಲಿ ಕ್ರಿಕೆಟ್ ನೋಡಿದ್ದೆ. ಸಿಂಗಾಪುರದಲ್ಲಿ ನಿಯಮವೇ ತಿಳಿಯದ ಪಂದ್ಯವೊಂದಕ್ಕೆ ಹೋಗಿ, ಸೋಲುವವರ ನಡುವೆ ಕುಳಿತು ಗಂಟಲು ಹರಿದುಕೊಂಡಿದ್ದೆ. ಹತ್ತಿರದ ಊರಲ್ಲಿ ಎಣ್ಣೆ ಕುಸ್ತಿ ಇದೆಯೆಂದು ಹೋಟೆಲಿನವನು ಹೇಳಿದ್ದೇ ತಡ, ಹೊರಟು ನಿಂತೆ. ಚಾಚಾ ಒಲ್ಲೆನೆಂದರು. ಆದರೆ ನಾನೊಬ್ಬನೇ ಹೋದರೆ ದಾರಿ ತಪ್ಪುವುದು ಖಾತ್ರಿಯೆಂದು ಅವರಿಗೆ ಗೊತ್ತು. ಕೊನೆಗೆ ಕೋಲು ಹಿಡಿದು ಜೊತೆಗೆ ಬಂದರು.

ಅಲ್ಲಿ ಕೆಮ್ಮಣ್ಣಿಲ್ಲ, ಹುಲ್ಲು. ಪೈಲ್ವಾನರು ಚರ್ಮದ ಚಲ್ಲಣ ತೊಟ್ಟು, ಮೈಮೇಲೆ ಆಲಿವ್ ಎಣ್ಣೆ ಸುರಿದುಕೊಂಡು, ಒಬ್ಬರ ಬೆನ್ನಿಗೊಬ್ಬರು ಹಚ್ಚುತ್ತಿದ್ದರು. ಇನ್ನೊಂದು ಗಳಿಗೆಗೆ ಕೆಡವಬೇಕಾದವನ ಬೆನ್ನಿಗೇ ಅಷ್ಟು ಅಕ್ಕರೆಯಿಂದ. ಡೋಲು ಬಡಿಯಿತು, ನಮ್ಮ ಸನಾದಿಯಂಥ ವಾದ್ಯ ಮೊಳಗಿತು. ಚಾಚಾ ಮೊದಲು ಮುಖ ತಿರುಗಿಸಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಅವರ ಬೆರಳುಗಳು ಕೋಲಿನ ಮೇಲೆ ತಾಳ ಹಾಕತೊಡಗಿದವು. ಆಮೇಲೆ ನನ್ನ ತೊಡೆಯನ್ನೇ ಎದುರಾಳಿಯೆಂದುಕೊಂಡು ಹಿಂಡತೊಡಗಿದರು.

ಆಗ ಕಣದಂಚಿನ ಬೆಂಚಿನಿಂದ ಬಿಳಿ ಮೀಸೆಯ ಮುದುಕರೊಬ್ಬರು ನಮ್ಮತ್ತ ಹೊರಳಿ ನೋಡಿದರು. ಎದ್ದು ಬಂದು, ತಮ್ಮ ಕಿವಿ ಮುಟ್ಟಿ ತೋರಿಸಿದರು. ಅದೂ ಚಾಚಾರ ಕಿವಿಯಂತೆಯೇ ಮುದುಡಿತ್ತು. ಚಾಚಾ ನಿಧಾನಕ್ಕೆ ತಮ್ಮ ಕಿವಿ ಮುಟ್ಟಿಕೊಂಡರು. ಅಷ್ಟೇ ಪರಿಚಯ. ಮುದುಕರು ಅವರ ಕೈಹಿಡಿದು ಆ ಬೆಂಚಿಗೆ ಕರೆದೊಯ್ದರು.

ಬೆಂಚಿನ ತುಂಬ ಹಳೆಯ ಪೈಲ್ವಾನರು. ಒಬ್ಬರಿಗೆ ಊರುಗೋಲು, ಇನ್ನೊಬ್ಬರಿಗೆ ನಡುಗುವ ಕೈ. ಕಣಕ್ಕಿಳಿಯುವ ತರುಣರು ಮೊದಲು ಅಲ್ಲಿಗೆ ಬಂದು, ಆ ಕೈಗಳಿಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಹೋಗುತ್ತಿದ್ದರು. ಸರದಿ ತಮ್ಮ ತನಕ ಬಂದಾಗ ಚಾಚಾ ಕೈ ಹಿಂದಕ್ಕೆಳೆದುಕೊಂಡರು. ಎದುರಿಗಿದ್ದ ತರುಣ ಕದಲಲಿಲ್ಲ, ಬಾಗಿಕೊಂಡೇ ಕಾದ. ಚಾಚಾ ಕೈ ಕೊಟ್ಟರು. ಅವನು ಹಣೆಗೊತ್ತಿಕೊಂಡಾಗ ಚಾಚಾರ ಕಣ್ಣು ತುಂಬಿದ್ದನ್ನು ನಾನು ದೂರದಿಂದಲೇ ಕಂಡೆ.

ಆ ತರುಣ ಸೋತ. ಸೋತು ನೇರವಾಗಿ ಬೆಂಚಿಗೆ ಬಂದ. ಚಾಚಾ ಕೋಲು ಬದಿಗಿಟ್ಟು ಎದ್ದು, ಜಾರುವ ಅವನ ರಟ್ಟೆ ಹಿಡಿದು, ಎಲ್ಲಿ ಹಿಡಿತ ಸಡಿಲಾಯಿತೆಂದು ಕೈಯಲ್ಲೇ ತೋರಿಸಿದರು. ಹೇಳುತ್ತಿದ್ದುದು ಅಪ್ಪಟ ಕನ್ನಡ. ಅವನೋ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡ.

ಮರಳುವಾಗ ಚಾಚಾ, "ದಂಡೀಮ್ಯಾಲೆ ಕುಂತಾವ್ರಿಗೂ ಕೆಲಸ ಐತಿ, ಬೇಟಾ," ಎಂದರು.

ಈಗ ತಡಸವಿರಲಿ, ಹಂಸಭಾವಿಯಿರಲಿ, ಕುಸ್ತಿ ಇದ್ದಲ್ಲಿ ಯಾರೆದುರು ಯಾರನ್ನು ಇಳಿಸಬೇಕೆಂದು ಜೋಡಿ ಹಚ್ಚುವವರು ನಮ್ಮ ಚಾಚಾ. ಕರೆದೊಯ್ಯುವವನು ನಾನು. ಬಹುದಿನ ಧೂಳಿಗೆ ಅಂಜಿ ದೂರದಲ್ಲಿ ಕುರ್ಚಿ ಹಾಕಿಸಿಕೊಳ್ಳುತ್ತಿದ್ದೆ. ಕಳೆದ ವಾರ ಅದನ್ನು ಬಿಟ್ಟು ಅವರ ಪಕ್ಕ ನೆಲಕ್ಕೇ ಕುಳಿತೆ. ಕೊನೆಯ ಜೋಡಿಯಲ್ಲಿ ಯಾರು ಗೆಲ್ಲುತ್ತಾರೆಂದು ಧೈರ್ಯಮಾಡಿ ಹೇಳಿದೆ. ಅವನೇ ಬಿದ್ದ.

ಚಾಚಾ ನಕ್ಕು, "ಇರ್ಲಿ, ನೋಡೂದ ಕಲ್ಯಾಕತ್ತಿ ನೀ," ಎಂದರು.

ಸೋತವನ ಪರ ಇದ್ದೂ, ಅಂದು ನಾನು ಗೆದ್ದು ಮನೆಗೆ ಬಂದೆ.