ಕಾಕಿಯ ಅಂಗಳದ ಉಳ್ಳಾಗಡ್ಡಿ

ಚಿಕ್ಕೋಡಿ ಕೋರ್ಟಿನ ಎದುರಿನ ಹುಲ್ಲಿನ ಮೇಲೆ ಕುಳಿತು ಬಸ್ಸಿನ ದಾರಿ ಕಾಯುತ್ತಿದ್ದೆ. ಕೈ ಸುಮ್ಮನಿರದೆ ಒಂದು ಎಳೆ ಚಿವುಟಿತು. ಬೆರಳಿಗೆ ಉಳ್ಳಾಗಡ್ಡಿಯ ವಾಸನೆ ಹತ್ತಿತು. ಹುಲ್ಲಿನ ನಡುವೆ ಹುಲ್ಲಿನ ಸೋಗು ಹಾಕಿ ಬೆಳೆದ ಕಾಡು ಉಳ್ಳಾಗಡ್ಡಿ, ನನ್ನಂಥದೇ ಪ್ರಾಣಿ. ಮೂಸುತ್ತಿದ್ದಂತೆ ಬೇಡಕಿಹಾಳದ ನಮ್ಮ ಪಕ್ಕದ ಮನೆಯ ಕಾಕಿ ಎದುರಿಗೆ ಬಂದು ನಿಂತರು...

ಎಂಬತ್ತರ ದಶಕದ ಕೊನೆಯ ಮಾತು. ನಾನು ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ದಿನಾಲೂ, ತರಗತಿಗೆ ಆಗಾಗ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಯಾರ ದನಿ, ಯಾರ ನಡಿಗೆಯನ್ನಾದರೂ ಮಾಡಿ ತೋರಿಸುವುದು. ಕಾಕಿಯದು ಜೈನರ ಮನೆ. ಅವರ ಯಜಮಾನರು, ನಮ್ಮ ಕಾಕಾ, ಕೊಲ್ಹಾಪುರದಲ್ಲಿ ಯಾರದೋ ಬಂಗಲೆಯ ಲಾನ್ ನೋಡಿ ಬಂದು, ಅಲ್ಲಿಂದಲೇ ಹುಲ್ಲು ತರಿಸಿ ಅಂಗಳದ ತುಂಬ ಹಾಸಿದ್ದರು. ಬೀದಿಯಿಂದ ಬಾಗಿಲಿನವರೆಗೆ ನಡುವೆ ಒಂದು ಸಾಲು ಫರಸಿಕಲ್ಲು. ಮಳೆ ಬಿದ್ದದ್ದೇ ಹುಲ್ಲಿನ ಜೊತೆ ಉಳ್ಳಾಗಡ್ಡಿಯೂ ಎದ್ದಿತು. ಅಡುಗೆಮನೆಯಲ್ಲಿ ಅದರ ಸಿಪ್ಪೆಯೂ ಕಾಣದ ಮನೆಯ ಅಂಗಳ, ಕಾಲಿಟ್ಟರೆ ಖಾನಾವಳಿಯ ಹಾಗೆ ನಾರುತ್ತಿತ್ತು.

“ಕಾಕಿ, ನಮ್ಮವ್ವ ಭಜಿ ಮಾಡಾಕತ್ತಾಳ್ರಿ. ನಿಮ್ಮ ಅಂಗಳದಾಗಿಂದ ಒಂದ ಹಿಡಿ ಒಯ್ಯಲೇನ?”

“ಹೋಗಲೇ ಮೂಳಾ. ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ, ನಿನಗ ಭಜಿ ಬೇಕು.”

ಬೆಂಕಿ ಬಿದ್ದದ್ದು ನಿಜ. ಆ ವರ್ಷ ಬಸದಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಮುಂಜಾನೆ ಅವರು ಮೌನವಾಗಿ ಆಹಾರಕ್ಕೆ ಹೊರಟರೆ, ಕಾಕಾ ಕಾಕಿ ಮಡಿಯುಟ್ಟು, ಕಳಶ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಇಂಥದನ್ನು ಕೈಯಲ್ಲಿ ಹಿಡಿದು ನಿಂತವರ ಮನೆಯಲ್ಲೇ ಊಟ ಎಂದು ಮುನಿಗಳು ಮನಸ್ಸಿನಲ್ಲೇ ಏನೋ ನೇಮ ಹಿಡಿದಿರುತ್ತಾರೆ. ಅದು ಕೂಡಿಬಂದ ಮನೆಗಷ್ಟೇ ಹೋಗುತ್ತಾರೆ. ಕಾಕಿ ಒಂದು ದಿನ ತೆಂಗಿನಕಾಯಿ, ಇನ್ನೊಂದು ದಿನ ಬಾಳೆಹಣ್ಣು ಹಿಡಿದು ನೋಡಿದರು. ಮುನಿಗಳು ಅಂಗಳದ ಅಂಚಿನವರೆಗೆ ಬಂದು, ಅರೆಗಳಿಗೆ ನಿಂತು, ಮುಂದಿನ ಮನೆಗೆ ನಡೆದುಬಿಡುತ್ತಿದ್ದರು. ಕಾಕಿ ಒಳಗೆ ಹೋಗಿ, ಮಾಡಿಟ್ಟ ಅಡುಗೆ ನೋಡುತ್ತ ಕೂರುತ್ತಿದ್ದರು...

“ಈ ದರಿದ್ರ ನಾತಕ್ಕ ತಿರುಗಿ ಹೋಗ್ತಾರ,” ಎಂದರು ಒಮ್ಮೆ.

“ನಾ ಕಿತ್ತ ಒಗೀತೇನ್ರಿ.”

“ಬ್ಯಾಡ. ಗಡ್ಡ್ಯಾಗ ಲೆಕ್ಕಿಲ್ಲದಷ್ಟ ಜೀವ ಇರ್ತಾವ. ಚಾತುರ್ಮಾಸ ಮುಗಿಯೂತನಾ ಹಸರ ಕೀಳಂಗಿಲ್ಲ ಅಂತ ವ್ರತ ತಗೊಂಡೇನಿ. ಮಾಡೂದು, ಮಾಡಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದ.”

“ನೀವು ಹೂಂ ಅನಬ್ಯಾಡ್ರಿ. ಸುಮ್ಮನ ಒಳಗ ಹೋಗ್ರಿ.”

“ಸುಮ್ಮನಿದ್ರೂ ಹೂಂ ಅಂದಂಗ. ಬ್ಯಾಡಂದ್ರ ಬ್ಯಾಡ.”

ಆ ‘ಬ್ಯಾಡ’ ಮೂಗಿನಿಂದ ಹೊರಟು ಗಂಟಲಲ್ಲಿ ಮುರಿಯುತ್ತಿತ್ತು. ಊರ ತುಂಬ ಅದನ್ನು ಮಾಡಿ ತೋರಿಸಿ ಚಹಾ ಗಿಟ್ಟಿಸುತ್ತಿದ್ದೆ, ಕಿವಿಗೆ ಬಿದ್ದರೆ ಕಾಕಿಯಿಂದ ಬೈಗುಳವನ್ನೂ.

ಒಂದು ಮಧ್ಯಾಹ್ನ ಕಾಕಿಯ ಮುಖ ನೋಡಲಾರದೆ, ನಗಿಸೋಣವೆಂದು ಮುನಿಗಳ ನಡಿಗೆಯನ್ನೇ ಹಿಡಿದೆ. “ಪಾಪ ಹತ್ತತೈತಲೇ,” ಎನ್ನುತ್ತಲೇ ಅವರು ನೋಡುತ್ತಿದ್ದರು. ನಾಲ್ಕು ಮೊಳ ಮುಂದಿನ ನೆಲದ ಮೇಲೆ ಕಣ್ಣು, ಇರುವೆಗೂ ದಾರಿ ಬಿಡುವ ಹೆಜ್ಜೆ. ಹಾಗೇ ಬಂದು ಅಂಗಳದ ಅಂಚಿನಲ್ಲಿ ನಿಂತೆ. ಕಾಲು ಮುಂದಿಡಲು ಜಾಗವೇ ಇರಲಿಲ್ಲ. ಮಳೆಗೆ ಸೊಕ್ಕಿದ ಹುಲ್ಲು ಫರಸಿಕಲ್ಲುಗಳನ್ನೂ ನುಂಗಿತ್ತು. ಹಸಿರಿನ ಮೇಲೆ ಮುನಿಗಳು ಕಾಲಿಡುವುದಿಲ್ಲ. ಅದು ನನಗೂ ಗೊತ್ತು. ಕಾಕಿಗಂತೂ ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಇಬ್ಬರೂ ಉಳ್ಳಾಗಡ್ಡಿ ಮೂಸುತ್ತ ಕುಳಿತುಬಿಟ್ಟಿದ್ದೆವು.

ಕಾಕಿ ನನ್ನ ಕಾಲನ್ನೇ ನೋಡಿದರು. “ಲೇ... ಗಾಡಿ ನಿಂದ್ರಸೂ ಬಗಲ ಬಾಗಲ್ದಾಗ ಬರೇ ಮಣ್ಣ ಐತಲ್ಲ?”

ಮರುದಿನ ಆ ಬಾಗಿಲನ್ನು ಗುಡಿಸಿ, ರಂಗೋಲಿ ಹಾಕಿ, ಕಾಕಾ ಕಾಕಿ ಇಬ್ಬರೂ ಅಲ್ಲಿ ನಿಂತರು. ಮುನಿಗಳು ಬಂದರು, ನಿಂತರು, ಒಳಗೆ ನಡೆದರು. ನಮ್ಮ ಕಟ್ಟೆಯ ಮೇಲಿದ್ದ ನಾನು ಆಗ ಉಸಿರು ಬಿಟ್ಟೆ. ಆಹಾರ ಮುಗಿಸಿ ಅವರು ಹೊರಟ ಮೇಲೆ ಕಾಕಿ ಹೊರಗೆ ಬಂದು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, “ಆತಲೇ,” ಎಂದರು. ಅಷ್ಟೇ. ಅದರ ಹಗುರ ಮಾತ್ರ ನನಗೆ ಇಂದಿಗೂ ಮಾಡಿ ತೋರಿಸಲು ಬಂದಿಲ್ಲ.

ಉಳ್ಳಾಗಡ್ಡಿ ದೀಪಾವಳಿಯವರೆಗೆ ನಿಶ್ಚಿಂತೆಯಿಂದ ಬೆಳೆಯಿತು. ವ್ರತ ಮುಗಿದ ಮೇಲೂ ಕಾಕಿ ಕೀಳಲಿಲ್ಲ, ಅಂಗಳಕ್ಕೆ ನೀರು ಹಾಕುವುದನ್ನು ಬಿಟ್ಟರು. ಬೇಸಿಗೆಗೆ ಎಲ್ಲ ಒಣಗಿತು. ಉಳ್ಳಾಗಡ್ಡಿ ಹೋಯಿತು, ಜೊತೆಗೆ ಕಾಕಾನ ಕೊಲ್ಹಾಪುರವೂ ಹೋಯಿತು. ಮರು ಮಳೆಗಾಲಕ್ಕೆ ಮುಂಚೆ ಅಲ್ಲಿ ಪೂರ್ತಿ ಫರಸಿ ಬಿತ್ತು.

ಕಾಕಿ ತೀರಿಕೊಂಡು ಕೆಲವು ವರ್ಷಗಳಾದವು...

“ಅದನ್ನ ಕಿತ್ತ ಒಗೀರಿ ಸಾಹೇಬ್ರ, ಕಸಾ ಅದು,” ಎಂದ, ಕೋರ್ಟಿನ ಹುಲ್ಲಿಗೆ ನೀರು ಬಿಡುತ್ತಿದ್ದ ಮಾಲಿ.

“ಬ್ಯಾಡ,” ಎಂದೆ. ಮೂಗಿನಿಂದ ಹೊರಟು ಗಂಟಲಲ್ಲಿ ಮುರಿಯಿತು, ಥೇಟ್ ಕಾಕಿಯದೇ. ಮಾಲಿ ನನಗೆ ನೆಗಡಿ ಎಂದುಕೊಂಡಿರಬೇಕು. ನಕಲು ಎಷ್ಟು ಚೆನ್ನಾಗಿದ್ದರೇನು, ಗುರುತು ಹಿಡಿದು ಬೈಯಲು ಅವರಿರಬೇಕಲ್ಲ.